ದಾವಣಗೆರೆಯಿಂದ ಲಾಲ್‌ಬಾಗ್: ಒಂದು ದಿನಕ್ಕೆ ಹತ್ತೇ ಮರ

ಲಾಲ್‌ಬಾಗ್ 240 ಎಕರೆ ಇದೆ. ಒಂದೇ ದಿನದಲ್ಲಿ ಪೂರ್ತಿ ಸುತ್ತಲು ಹೊರಟರೆ ಕಾಲು ನೋಯುತ್ತದೆ, ಸಂಜೆ ಹೊತ್ತಿಗೆ ಒಂದು ಮರದ ಹೆಸರೂ ತಲೆಯಲ್ಲಿ ಉಳಿದಿರುವುದಿಲ್ಲ. ಅದಕ್ಕೇ ಮನೆಮಂದಿಯನ್ನು ಕರೆದುಕೊಂಡು ಹೋಗುವಾಗ ಹತ್ತು ಮರಕ್ಕಷ್ಟೇ ಸಮಯ ಇಡುತ್ತೇನೆ. ಮರಕ್ಕೆ ಹದಿನೈದು ನಿಮಿಷದಂತೆ ಎರಡೂವರೆ ಗಂಟೆ. ಕೆರೆ, ಗಾಜಿನ ಮನೆ, ಬಂಡೆ ಸೇರಿ ಬೆಳಗ್ಗೆ ಏಳೂವರೆಗೆ ಶುರು ಮಾಡಿದರೆ ಹನ್ನೆರಡೂವರೆಗೆ ಮುಗಿಯುತ್ತದೆ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳು ಬೇಡ. ಆ ಜನಸಂದಣಿಯಲ್ಲಿ ಒಂದು ಮರದ ಬುಡದಲ್ಲಿ ನೆಮ್ಮದಿಯಾಗಿ ನಿಲ್ಲಲಿಕ್ಕಾಗುವುದಿಲ್ಲ.

ರಾತ್ರಿ ರೈಲಿನಲ್ಲಿ ಹೊರಟರೆ ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲ. ಯಶವಂತಪುರದಲ್ಲಿ ನಿಲ್ಲುವ ಗಾಡಿಯಾದರೆ ಅಲ್ಲೇ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿ. ಎಲ್ಲೂ ಬದಲಿಸದೆ ಲಾಲ್‌ಬಾಗ್ ನಿಲ್ದಾಣಕ್ಕೆ ಬರುತ್ತೀರಿ. ಬಸ್ಸಿನವರಿಗೂ ಇದೇ ದಾರಿ: ತುಮಕೂರು ರಸ್ತೆಯ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದರೆ ಮೆಟ್ರೊ ನಿಲ್ದಾಣ ರಸ್ತೆಯ ಮೇಲೇ ಇದೆ. ಚಿತ್ರದುರ್ಗದವರಿಗೆ ಬಸ್ಸೇ ವಾಸಿ, ಅವರ ಊರು ಚಿಕ್ಕಜಾಜೂರು–ರಾಯದುರ್ಗ ಕವಲು ಮಾರ್ಗದಲ್ಲಿದೆ. ಭಾನುವಾರ ಮಾತ್ರ ಎಚ್ಚರ, ಅಂದು ಮೆಟ್ರೊ ತಡವಾಗಿ ಶುರುವಾಗುತ್ತದೆ.

ಪ್ಲಾಸ್ಟಿಕ್‌ಗೆ ಒಳಗೆ ನಿಷೇಧವಿದೆ, ಆದ್ದರಿಂದ ತಲೆಗೊಂದು ಲೀಟರಿನ ಸ್ಟೀಲ್ ಬಾಟಲಿ. ಬುತ್ತಿ, ಮಂಡಕ್ಕಿ ಏನಿದ್ದರೂ ದಾರಿಯಲ್ಲೇ ಮುಗಿಸಿಬಿಡಬೇಕು. ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಸಣ್ಣ ಬೈನಾಕ್ಯುಲರ್, ನೋಟ್‌ಬುಕ್, ನಾಲ್ಕು ಬಿಳಿ ಹಾಳೆ. ರಬ್ಬರ್ ತಳದ ಷೂ ಹಾಕಿಕೊಳ್ಳಿ.

ಮೆಟ್ರೊ ನಿಲ್ದಾಣಕ್ಕೆ ಹತ್ತಿರದ್ದು ಪಶ್ಚಿಮ ದ್ವಾರ. ಅಲ್ಲಿ ಒಳಬಂದು ಮೊದಲು ಕೆರೆ, ಆಮೇಲೆ ಮರಗಳು, ಗಾಜಿನ ಮನೆ, ಕೊನೆಗೆ ಬಂಡೆ. ಹೊರಹೋಗುವುದು ಮುಖ್ಯ ದ್ವಾರದಿಂದ. ನಡೆದ ದಾರಿಯನ್ನೇ ಮತ್ತೆ ನಡೆಯುವ ಕಷ್ಟ ತಪ್ಪುತ್ತದೆ. ಮಾರ್ಚ್‌ನಿಂದ ಮೇವರೆಗೆ ಇದನ್ನು ತಿರುಗಿಸುತ್ತೇನೆ, ಏಕೆಂದರೆ ಹತ್ತು ಗಂಟೆಯಾದ ಮೇಲೆ ಬಂಡೆ ಕಾಯುತ್ತದೆ.

ಮರ ನೋಡುವುದಕ್ಕೂ ಒಂದು ಕ್ರಮ ಬೇಕು. ಮೊದಲ ಫೋಟೊ ಹೆಸರಿನ ಫಲಕದ್ದು, ಆಮೇಲೆ ಇಡೀ ಮರ, ತೊಗಟೆ, ಕೊನೆಗೆ ಬಿಳಿ ಹಾಳೆಯ ಮೇಲಿಟ್ಟ ಒಂದೇ ಒಂದು ಎಲೆ. ಈ ಕ್ರಮ ತಪ್ಪಿದರೆ ಮನೆಗೆ ಬಂದ ಮೇಲೆ ಯಾವ ತೊಗಟೆ ಯಾವ ಮರದ್ದೆಂದು ಗೊತ್ತಾಗುವುದಿಲ್ಲ. ಗಿಡ ಗುರುತಿಸುವ ಆ್ಯಪ್‌ಗಳು ಎಡವುವುದು ಒಂದೇ ಚಿತ್ರದಲ್ಲಿ ಎರಡು ಗಿಡ ಸೇರಿದಾಗ. ಬಿಳಿ ಹಾಳೆ ಅದಕ್ಕೇ. ಎಲೆ ಕೀಳಬಾರದು, ಬಿದ್ದದ್ದನ್ನು ಆರಿಸಿ. ಆದರೆ ಬಿದ್ದ ಎಲೆ ಪಕ್ಕದ ಮರದ್ದೋ, ಮೇಲೆ ಹಬ್ಬಿದ ಬಳ್ಳಿಯದ್ದೋ ಆಗಿರಬಹುದು. ಬೈನಾಕ್ಯುಲರ್‌ನಲ್ಲಿ ಕೊಂಬೆಯ ಮೇಲೆ ಅದೇ ಎಲೆ ಕಂಡ ಮೇಲಷ್ಟೇ ಬರೆದುಕೊಳ್ಳಿ.

ಹೊಸಬರು ಹೆಚ್ಚು ತಪ್ಪುವುದು ಒಂದು ಎಲೆ ಎಂದರೆ ಎಷ್ಟು ಎಂಬುದರಲ್ಲಿ. ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಮೊಗ್ಗಿನಿಂದ ಆಚೆಗಿನದೆಲ್ಲ ಸೇರಿ ಒಂದು ಎಲೆ. ಕಿರುಎಲೆಗಳ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಇದೊಂದು ತಿಳಿದರೆ ಅಶೋಕದ ಗೊಂದಲ ಬಗೆಹರಿಯುತ್ತದೆ. ನಿಜವಾದ ಅಶೋಕದ್ದು ಸಂಯುಕ್ತ ಎಲೆ, ಅಂದರೆ ಹಲವು ಕಿರುಎಲೆ ಸೇರಿ ಒಂದಾದದ್ದು, ಎಳೆಯದಿದ್ದಾಗ ತಾಮ್ರದ ಬಣ್ಣದಲ್ಲಿ ಜೋಲುತ್ತದೆ, ಕಿತ್ತಳೆ ಹೂಗೊಂಚಲು ಕಾಂಡದ ಮೇಲೂ ಬಿಡುತ್ತದೆ. ನಮ್ಮೂರಿನ ಕಾಂಪೌಂಡುಗಳಲ್ಲಿ ನೆಟ್ಟಗೆ ನಿಂತಿರುವ ಕಂಬದ ಅಶೋಕ ಸೀತಾಫಲದ ಕುಟುಂಬದ್ದು. ಬಿಡಿ ಎಲೆ, ಅಲೆಯಲೆಯಾದ ಅಂಚು, ಹಸಿರು ಹೂ. ಫಲಕಗಳಲ್ಲಿ ಹಳೆಯ ವೈಜ್ಞಾನಿಕ ಹೆಸರು ಉಳಿದಿರಬಹುದು. ಈ ಮರವೇ ಮೊದಲು ಪಾಲಿಯಾಲ್ತಿಯ, ಈಗ ಮೊನೂನ್. ಎರಡನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಾಗಲಿಂಗವನ್ನು ಹತ್ತರಲ್ಲಿ ಸೇರಿಸಲೇಬೇಕು. ಶಿವನ ಗುಡಿಗಳ ಮುಂದೆ ಬೆಳೆದರೂ ಅದರ ಮೂಲ ದಕ್ಷಿಣ ಅಮೆರಿಕ. ಹೂವು ಕಾಂಡದಿಂದಲೇ ಹೊರಟ ರೆಂಬೆಗಳಲ್ಲಿ ಬಿಡುವುದನ್ನು ತೋರಿಸಿ, ಆದರೆ ಬುಡದಲ್ಲಿ ಕೂರಬೇಡಿ: ತೆಂಗಿನಕಾಯಿ ಗಾತ್ರದ ಭಾರದ ಕಾಯಿ ಬೀಳುತ್ತವೆ. ಬಿಳಿ ಬೂರುಗದ ಹಲಗೆಬೇರುಗಳ ಪಕ್ಕ ಒಬ್ಬರನ್ನು ನಿಲ್ಲಿಸಿ ಫೋಟೊ ತೆಗೆದರೆ ಅಳತೆ ತಿಳಿಯುತ್ತದೆ. ಮಕ್ಕಳಿಗೆ ಅರೌಕೇರಿಯ ಬಲು ಇಷ್ಟ. ಎಲ್ಲರೂ ಕ್ರಿಸ್‌ಮಸ್ ಮರ ಎನ್ನುವ ಇದು ನ್ಯೂ ಕ್ಯಾಲೆಡೋನಿಯ ದ್ವೀಪದ್ದು. ಈ ಜಾತಿ ಭೂಮಧ್ಯರೇಖೆಯ ಕಡೆಗೆ ವಾಲುತ್ತದೆಂದು 2017ರಲ್ಲಿ ಅಧ್ಯಯನವೊಂದು ತೋರಿಸಿತು, ಅಂದರೆ ಬೆಂಗಳೂರಿನಲ್ಲಿ ದಕ್ಷಿಣಕ್ಕೆ. ಮೊಬೈಲಿನ ದಿಕ್ಸೂಚಿ ಹಿಡಿದು ಅವರೇ ಪರೀಕ್ಷಿಸಲಿ.

ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ದಾವಣಗೆರೆಯ ಕುಂದುವಾಡ ಕೆರೆಯ ಬಳಿ ನಮ್ಮ ಗಾಜಿನ ಮನೆ ನೋಡಿದವರಿಗೆ ಇಲ್ಲಿ ಹತ್ತು ನಿಮಿಷ ಸಾಕು. ತಮಿಳುನಾಡಿನ ತಿರುವಕ್ಕರೈಯಿಂದ ತಂದ, 2 ಕೋಟಿ ವರ್ಷ ಹಳೆಯ ಕಲ್ಲಾದ ಮರವನ್ನು ಮಾತ್ರ ತಪ್ಪಿಸಬೇಡಿ. ಬಂಡೆ 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಕಪ್ಪು–ಬಿಳಿ ಪಟ್ಟೆಗಳನ್ನು ಬಗ್ಗಿ ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾದಂತೆ (ನೀರಿನಡಿ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಶಿಲೆ) ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಯ ದಿನ ಪಾಚಿ ಜಾರುತ್ತದೆ, ಆಗ ಹತ್ತುವುದು ಬೇಡ.

ಊಟಕ್ಕೆ ಮುಖ್ಯ ದ್ವಾರದ ಬಳಿಯ ಎಂಟಿಆರ್ ಇದೆ, ಸೋಮವಾರ ರಜೆ.

ಗಿಡ ಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ದಾವಣಗೆರೆ 600. ಅಲ್ಲಿ ನಳನಳಿಸುವ ಬಿಗೋನಿಯ ನಮ್ಮ ಏಪ್ರಿಲ್ ಬಿಸಿಲಿಗೆ ಸುಟ್ಟುಹೋಗುತ್ತದೆ. ದಾಸವಾಳ, ಕಣಗಿಲೆ, ದೇವಕಣಗಿಲೆ ತಡೆಯುತ್ತವೆ. ತಂದ ಕೂಡಲೇ ಕುಂಡ ಬದಲಿಸದೆ ಒಂದು ವಾರ ನೆರಳಲ್ಲಿಡಿ. ಎರೆಮಣ್ಣಿನ ಹಿತ್ತಲಾದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅರ್ಧದಷ್ಟು ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ನಾಲ್ಕು ಇಂಚು ಏರಿಸಿ ನೆಡಬೇಕು.