ಕಾರು ಹತ್ತಿಸುವ ವಿಂಚ್: ಡಬ್ಬಿಯ ಮೇಲಿನ ಸಂಖ್ಯೆ ನಂಬಿ ಕೈ ಸುಟ್ಟುಕೊಂಡವನ ಲೆಕ್ಕ

ವಿಂಚ್ ಅಂದರೆ ಹಗ್ಗವನ್ನು ಡ್ರಮ್ ಎಂಬ ಉರುಳೆಗೆ ಸುತ್ತಿಕೊಳ್ಳುತ್ತಾ ಭಾರ ಎಳೆಯುವ ಯಂತ್ರ. ನನ್ನ ಮೊದಲ ವಿಂಚ್‌ನ ಡಬ್ಬಿಯ ಮೇಲೆ 5000 ಪೌಂಡ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬೆಲೆ ಕಡಿಮೆ, ಸಂಖ್ಯೆ ದೊಡ್ಡದು. ಇನ್ನೇನು ಬೇಕು ಅಂದುಕೊಂಡು ತಂದೆ. ಮೊದಲ ಸಲ ಹಳೆ ಕಾರೊಂದನ್ನು ಟ್ರೇಲರ್‌ಗೆ ಹತ್ತಿಸುವಾಗ, ಮುಂದಿನ ಚಕ್ರ ರ‍್ಯಾಂಪಿನ ಅರ್ಧಕ್ಕೆ ಬಂದು ನಿಂತೇ ಹೋಯಿತು. ಮೋಟರ್ ಗೊಂಯ್ ಎಂದಿತು, ಸುಟ್ಟ ವಾಸನೆ ಬಂತು, ಅಷ್ಟೇ. ಮಳೆ ಬೇರೆ ಶುರುವಾಯಿತು. ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು ಡಬ್ಬಿಯನ್ನು ಮತ್ತೆ ಓದಿದೆ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ನಿಜ ಇತ್ತು. 5000 ಪೌಂಡ್ ಅಂದರೆ ಚಕ್ರದ ಮೇಲೆ ಉರುಳುವ ಭಾರ. ಹಗ್ಗದ ಎಳೆತ ಬರೀ 2000 ಪೌಂಡ್.

ಈ ಎರಡು ಸಂಖ್ಯೆ ಬೇರೆ ಬೇರೆ. ಅಂಗಡಿಯವರು ಹೇಳುವುದು ದೊಡ್ಡದನ್ನು. ನೀವು ನೋಡಬೇಕಾದದ್ದು ಹಗ್ಗದ ಎಳೆತವನ್ನು ಮಾತ್ರ. 2000 ಪೌಂಡ್ ಅಂದರೆ ಸುಮಾರು 907 ಕಿಲೋ.

ಆಮೇಲೆ ಕೂತು ಲೆಕ್ಕ ಹಾಕಿದರೆ, 907 ಕಿಲೋ ಎಳೆತವೂ ಆ ಕಾರಿಗೆ ಸಾಕಾಗಬೇಕಿತ್ತು. ಆದರೂ ಸಾಕಾಗಲಿಲ್ಲ. ಯಾಕೆ?

ಮೊದಲು ಇಳಿಜಾರಿನ ಲೆಕ್ಕ. ಟೇಪು ಹಿಡಿದು ಎರಡು ಅಳತೆ ತೆಗೆದುಕೊಳ್ಳಿ: ನೆಲದಿಂದ ಟ್ರೇಲರ್ ಹಲಗೆಯ ಎತ್ತರ, ರ‍್ಯಾಂಪಿನ ಉದ್ದ. ನನ್ನದು 60 ಸೆಂಟಿಮೀಟರ್ ಎತ್ತರ, 1.8 ಮೀಟರ್ ಉದ್ದ. ಎತ್ತರವನ್ನು ಉದ್ದದಿಂದ ಭಾಗಿಸಿದರೆ ಮೂರನೇ ಒಂದು ಭಾಗ. ಕಾರಿನ ತೂಕ 1200 ಕಿಲೋ. ಅದರ ಮೂರನೇ ಒಂದು ಭಾಗ 400 ಕಿಲೋ. ಗಾಳಿ ತುಂಬಿದ ಟೈರು ಸಲೀಸಾಗಿ ಉರುಳಿದರೆ ಇದಕ್ಕೆ ಇನ್ನೊಂದು 20–30 ಕಿಲೋ ಸೇರಿಸಿದರೆ ಸಾಕು. ನಿಜ ಹೇಳಬೇಕೆಂದರೆ ಅಷ್ಟೂ ಬೇಕಾಗುವುದಿಲ್ಲ. ಗಿಡ್ಡ ರ‍್ಯಾಂಪಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಇರುವುದೇ ಇಲ್ಲ, ಅಲ್ವಾ? ಮುಂದಿನವು ಹತ್ತುವಾಗ ಹಿಂದಿನವು ನೆಲದ ಮೇಲಿರುತ್ತವೆ. ಆದರೂ ನಾನು ಪೂರ್ತಿ 400 ಅಂತಲೇ ಹಿಡಿಯುತ್ತೇನೆ. ರ‍್ಯಾಂಪಿನ ಅಂಚಿಗೆ ಟೈರು ತಾಗುವ ಆ ಒಂದು ಕ್ಷಣ ಇದೆಯಲ್ಲ, ಅದು ಈ ಉಳಿತಾಯವನ್ನೆಲ್ಲ ನುಂಗುತ್ತದೆ.

ಇದು ಉರುಳುವ ಕಾರಿನ ಕಥೆ. ಉರುಳದ ಕಾರು ಬೇರೆಯೇ ಜಾತಿ. ನನ್ನ ಕಾರು ಎರಡು ಮಳೆಗಾಲ ಒಂದೇ ಕಡೆ ನಿಂತಿತ್ತು. ಹ್ಯಾಂಡ್‌ಬ್ರೇಕ್ ಲಿವರ್ ಇಳಿಸಿದ್ದೆ, ಆದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಒಳಗೆ, ಅದನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ತುಕ್ಕು ಹಿಡಿದು ಅಂಟಿಕೊಂಡಿತ್ತು. ಉರುಳದ ರಬ್ಬರನ್ನು ಒಣ ನೆಲದ ಮೇಲೆ ಎಳೆಯುವುದಕ್ಕೆ ಆ ಚಕ್ರಗಳ ಮೇಲಿನ ಭಾರದ ಸುಮಾರು ನೂರಕ್ಕೆ 70ರಷ್ಟು ಬೇಕಾಗುತ್ತದೆ. ಹಿಂದಿನ ಎರಡು ಚಕ್ರದ ಮೇಲೆ 600 ಕಿಲೋ ಇದ್ದರೆ ಅದೇ 420 ಕಿಲೋ. ಮುಂದಿನ ಭಾಗ ರ‍್ಯಾಂಪ್ ಹತ್ತುವುದಕ್ಕೆ ಇನ್ನೊಂದು 200. ಒಟ್ಟು 600ರ ಮೇಲೆ ಹೋಯಿತು. ನಾಲ್ಕೂ ಚಕ್ರ ಹಿಡಿದಿದ್ದರೆ ಎಳೆತ ಹೆಚ್ಚು ಕಡಿಮೆ ಕಾರಿನ ತೂಕದ ಹತ್ತಿರಕ್ಕೇ ಬರುತ್ತದೆ.

ಹಾಗಾಗಿ ಮೊದಲ ಪ್ರಶ್ನೆ ವಿಂಚ್ ಬಗ್ಗೆ ಅಲ್ಲ. ನೀವು ಎಳೆಯುವುದು ಓಡುವ ಕಾರನ್ನೋ, ಗುಜರಿ ಆಗಿ ನಿಂತದ್ದನ್ನೋ? ಬರೀ ಓಡುವ ಕಾರಾದರೆ ಕಾರಿನ ತೂಕದ ಅರ್ಧದಷ್ಟು ಎಳೆತ ಧಾರಾಳ. ನಿಂತು ಹೋದವನ್ನು ತರುವವರಾದರೆ ಕಾರಿನ ತೂಕಕ್ಕಿಂತ ಸ್ವಲ್ಪ ಜಾಸ್ತಿಯದ್ದು ನೋಡಿ.

ಈಗ ಎರಡನೇ ಮೋಸ. ಮೋಸ ಅನ್ನುವುದು ತಪ್ಪೇನೋ, ಎಲ್ಲ ತಯಾರಕರೂ ಹೀಗೇ ಬರೆಯುವುದು. ಡಬ್ಬಿಯ ಮೇಲಿನ ಎಳೆತ ವಿಂಚ್ ಡ್ರಮ್ ಮೇಲೆ ಹಗ್ಗ ಒಂದೇ ಪದರ ಇರುವಾಗಿನದು. ಹಗ್ಗ ಸುತ್ತಿದಷ್ಟೂ ಡ್ರಮ್ ದಪ್ಪವಾಗುತ್ತದೆ, ಎಳೆತ ಇಳಿಯುತ್ತದೆ. ಒಂದೊಂದು ಪದರಕ್ಕೂ ಅಂದಾಜು ನೂರಕ್ಕೆ 10ರಿಂದ 15 ಕಡಿಮೆ. ನನ್ನ ವಿಂಚ್‌ಗೆ 15 ಮೀಟರ್ ಹಗ್ಗ ಇತ್ತು. ಕಾರು ಟ್ರೇಲರ್ ಹತ್ತಿರವೇ ಇದ್ದದ್ದರಿಂದ ಅದರಲ್ಲಿ ಹೆಚ್ಚಿನದು ಡ್ರಮ್ ಮೇಲೇ ಉಳಿದಿತ್ತು. 907 ಕಿಲೋ ಅಲ್ಲೇ 600ರ ಹತ್ತಿರ ಇಳಿದಿರಬೇಕು. ಬೇಕಾಗಿದ್ದದ್ದೂ ಅಷ್ಟೇ.

ಉದ್ದ ಹಗ್ಗ ಕೊಡುತ್ತೇವೆ ಎಂದು ಆಸೆ ತೋರಿಸಿದರೆ ಹಿಗ್ಗಬೇಡಿ. ಟ್ರೇಲರ್ ಹಲಗೆ ಐದು ಮೀಟರ್, ರ‍್ಯಾಂಪ್ ಎರಡು, ಹಿಂದೆ ಒಂದಿಷ್ಟು ಜಾಗ. 10–12 ಮೀಟರ್ ಇದ್ದರೆ ಕೆಲಸ ಮುಗಿಯಿತು. ಬದಲಿಗೆ ಒಂದು ರಾಟೆ ಕೊಳ್ಳಿ. ತೆರೆದು ಹಗ್ಗ ತೂರಿಸುವಂಥದ್ದು, ಕೊಕ್ಕೆ ಸಮೇತ ಸಿಗುತ್ತದೆ. ರಾಟೆಯನ್ನು ಕಾರಿಗೆ ಹಾಕಿ, ಹಗ್ಗದ ತುದಿಯನ್ನು ಮತ್ತೆ ಟ್ರೇಲರ್‌ಗೆ ತಂದು ಗಟ್ಟಿ ಜಾಗಕ್ಕೆ ಸಿಕ್ಕಿಸಿದರೆ ಎಳೆತ ಹತ್ತಿರ ಹತ್ತಿರ ಎರಡರಷ್ಟು. ವೇಗ ಅರ್ಧ. ನಿಧಾನವಾದರೇನು, ಕಾರು ಹತ್ತಿಸಲು ಯಾರೂ ಪಂದ್ಯ ಕಟ್ಟಿಲ್ಲ. ಹಗ್ಗ ಮಾತ್ರ ಎರಡರಷ್ಟು ಹೊರಗೆ ಬರಬೇಕು. ಅಷ್ಟು ಹಗ್ಗ ಇಲ್ಲದಿದ್ದರೆ ಕಾರನ್ನು ರ‍್ಯಾಂಪಿನ ಬುಡದವರೆಗೆ ತಳ್ಳಿ ತಂದು ಆಮೇಲೆ ರಾಟೆ ಹಾಕಿ. ಚಿಕ್ಕ ವಿಂಚ್ ಮತ್ತು ಒಂದು ರಾಟೆ: ಕಡಿಮೆ ಖರ್ಚಿನ ದಾರಿ ಅಂದರೆ ನನ್ನ ಪ್ರಕಾರ ಇದೇ.

ಇನ್ನು ಮೂರನೇ ಕಾರಣ. ಇದು ಪೂರ್ತಿ ನನ್ನದೇ ತಪ್ಪು. ಎಳೆಯುವ ಗಾಡಿಯ ಬ್ಯಾಟರಿಯಿಂದ ಟ್ರೇಲರ್‌ವರೆಗೆ, ಮನೆಯಲ್ಲಿ ಬಿದ್ದಿದ್ದ ತೆಳು ವೈರನ್ನೇ ಎಳೆದಿದ್ದೆ. 12 ವೋಲ್ಟ್‌ನ ಇಂಥ ಸಣ್ಣ ವಿಂಚ್ ಕೂಡ ಪೂರ್ತಿ ಭಾರದಲ್ಲಿ 100 ಆಂಪಿಯರ್ ಆಸುಪಾಸು ಕುಡಿಯುತ್ತದೆ. ದೊಡ್ಡವು 300–400. ಟ್ರೇಲರ್ ದೀಪಕ್ಕೆ ಹೋಗುವ ಪ್ಲಗ್ಗಿನ ವೈರ್ ಇದಕ್ಕೆ ನೂಲು ಇದ್ದಂತೆ. ತೆಳು ವೈರಿನಲ್ಲಿ ವೋಲ್ಟ್ ದಾರಿಯಲ್ಲೇ ಸೋರಿ ಮೋಟರ್‌ಗೆ ಒಂಬತ್ತೋ ಹತ್ತೋ ತಲುಪುತ್ತದೆ. ಮೋಟರ್ ಸೊರಗುತ್ತದೆ, ವೈರ್ ಬಿಸಿಯಾಗುತ್ತದೆ. ಆ ಸುಟ್ಟ ವಾಸನೆ ಅದರದ್ದೇ.

ಈಗ ನಾನು ಟ್ರೇಲರ್ ಮೂತಿಯಲ್ಲೇ ಒಂದು ಪೆಟ್ಟಿಗೆಯಲ್ಲಿ ಬೇರೆ ಬ್ಯಾಟರಿ ಇಟ್ಟಿದ್ದೇನೆ. ವಿಂಚ್‌ಗೆ ಒಂದು ಮೀಟರ್ ದಪ್ಪ ಕೇಬಲ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಪೂರ್ತಿ ಆರಿಸಲು ಒಂದು ಸ್ವಿಚ್. 200 ಆಂಪಿಯರ್‌ನಲ್ಲಿ ಮೂರು ನಿಮಿಷ ಓಡಿಸಿದರೂ ಖರ್ಚು 10 ಆಂಪಿಯರ್-ಅವರ್. ಸಾಮಾನ್ಯ ಕಾರಿನ ಬ್ಯಾಟರಿಗೆ ಅದೇನೂ ಭಾರವಲ್ಲ. ಮನೆಗೆ ಬಂದು ಚಾರ್ಜರ್ ಹಾಕಿದರಾಯಿತು. ವಿಂಚ್‌ನ ಬಜೆಟ್ ಮಾಡುವಾಗ ಬ್ಯಾಟರಿ, ಕೇಬಲ್ ಎರಡನ್ನೂ ಸೇರಿಸಿಯೇ ಮಾಡಿ. ಇವನ್ನು ಬಿಟ್ಟು ಲೆಕ್ಕ ಹಾಕಿದವರೆಲ್ಲ ಕೊನೆಗೆ ನನ್ನ ಹಾಗೆ ಮಳೆಯಲ್ಲಿ ನಿಲ್ಲುತ್ತಾರೆ.

ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಬಳಸುವವರಿಗೆ ಈ ತಾಪತ್ರಯವೇ ಬೇಡ. ಕೈಯಿಂದ ತಿರುಗಿಸುವ ವಿಂಚ್ ತೆಗೆದುಕೊಳ್ಳಿ. ಬ್ಯಾಟರಿ ಇಲ್ಲ, ಕೇಬಲ್ ಇಲ್ಲ. ಒಂದೇ ಒಂದು ಷರತ್ತು: ಒಳಗೆ ತಾನೇ ಹಿಡಿಯುವ ಬ್ರೇಕ್ ಇರಬೇಕು. ದೋಣಿ ಎಳೆಯಲು ಮಾರುವ ಅಗ್ಗದ ಕೈ ವಿಂಚ್‌ಗಳಲ್ಲಿ ಬರೀ ಹಲ್ಲುಚಕ್ರ, ಅದಕ್ಕೊಂದು ನಾಲಿಗೆ ಇರುತ್ತದೆ. ಎಳೆಯುವಾಗ ಏನೂ ತೊಂದರೆಯಿಲ್ಲ. ಇಳಿಸುವಾಗ ನಾಲಿಗೆ ಎತ್ತಿದ ಕ್ಷಣ ಕಾರಿನ ಭಾರವೆಲ್ಲ ನಿಮ್ಮ ಕೈಗೆ. ಕೈ ಜಾರಿದರೆ ಹಿಡಿ ಫ್ಯಾನಿನಂತೆ ತಿರುಗುತ್ತದೆ, ಮಣಿಕಟ್ಟು ಮುರಿಯುತ್ತದೆ. ಬ್ರೇಕ್ ಇರುವುದರಲ್ಲಿ ಹಿಡಿ ಬಿಟ್ಟರೂ ಕಾರು ಇದ್ದಲ್ಲೇ ಇರುತ್ತದೆ. ಇಳಿಸಲು ಹಿಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಇಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಕರೆಂಟಿನದೇ ಬೇಕು ಅನ್ನುವವರು ಮೋಟರ್ ಕಡೆ ಒಮ್ಮೆ ನೋಡಿ. ಶಾಶ್ವತ ಆಯಸ್ಕಾಂತ ಇರುವ ಮೋಟರ್ ಅಗ್ಗ, ಕರೆಂಟು ಕಡಿಮೆ ಎಳೆಯುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ. ಆಯಸ್ಕಾಂತದ ಬದಲು ತಂತಿಯ ಸುರುಳಿ ಇರುವ ಸೀರೀಸ್ ಮೋಟರ್ ಭಾರಕ್ಕೆ ಜಗ್ಗದು, ಬ್ಯಾಟರಿಯನ್ನು ಜಾಸ್ತಿ ತಿನ್ನುತ್ತದೆ. ಒಂದು ಕಾರು ಹತ್ತಿಸಲು ಮೊದಲನೆಯದೇ ಸಾಕು, ನಡುನಡುವೆ ಬಿಡುವು ಕೊಟ್ಟರೆ. ಕೈಪಿಡಿಯಲ್ಲಿ ಎಷ್ಟು ಹೊತ್ತು ಓಡಿಸಬಹುದು ಎಂದು ಇರುತ್ತದೆ. ಪೂರ್ತಿ ಭಾರದಲ್ಲಿ ಒಂದು ನಿಮಿಷ ಕೂಡ ಇರಲಿಕ್ಕಿಲ್ಲ, ಓದಿದರೆ ಆಶ್ಚರ್ಯ ಆಗುತ್ತದೆ. ರಿಮೋಟು, ಬಣ್ಣ, ಕವಚ ಇವೆಲ್ಲ ಸುಮ್ನೆ. ವೈರ್ ಇರುವ ರಿಮೋಟ್ ಉದ್ದ ಇದ್ದರೆ ಆಯಿತು, ಹಗ್ಗದ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಂತು ಒತ್ತುವಷ್ಟು.

ಹಗ್ಗದ ವಿಷಯಕ್ಕೆ ಜಗಳ ಜಾಸ್ತಿ. ಉಕ್ಕಿನದು ಬಿಸಿಲಿಗೆ, ಉಜ್ಜುವಿಕೆಗೆ ಜಗ್ಗದು, ಆದರೆ ಎಳೆ ಬಿಟ್ಟ ಜಾಗ ಅಂಗೈಯನ್ನು ಸೀಳುತ್ತದೆ. ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸಿಂಥೆಟಿಕ್ ಹಗುರ, ತುಂಡಾದರೂ ಉಕ್ಕಿನಷ್ಟು ಬೀಸಿ ಹೊಡೆಯುವುದಿಲ್ಲ. ಆದರೆ ಬಿಸಿಲು, ಮರಳು, ಶಾಖ ಮೂರೂ ಆಗದು. ನಾನು ಉಕ್ಕಿನದನ್ನೇ ಇಟ್ಟುಕೊಂಡಿದ್ದೇನೆ, ಟ್ರೇಲರ್ ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ ಅಂತ. ಯಾವುದಾದರೂ ಸರಿ, ಹಗ್ಗ ಪೂರ್ತಿ ಬಿಚ್ಚಬೇಡಿ. ಉಕ್ಕಿನದಾದರೆ ಡ್ರಮ್ ಮೇಲೆ ಕನಿಷ್ಠ ಐದು ಸುತ್ತು ಇರಲಿ, ಸಿಂಥೆಟಿಕ್ ಆದರೆ ಎಂಟು ಹತ್ತು. ಡ್ರಮ್‌ಗೆ ಹಗ್ಗ ಸಿಕ್ಕಿಸಿದ ಸಣ್ಣ ಬೋಲ್ಟ್ ಭಾರ ಹೊರುವುದಿಲ್ಲ. ಹೊರುವುದು ಆ ಸುತ್ತುಗಳ ಹಿಡಿತ.

ತಂದ ದಿನವೇ ಒಂದು ಪರೀಕ್ಷೆ ಮಾಡಿ. ಟ್ರೇಲರನ್ನು ಗಾಡಿಗೆ ಸಿಕ್ಕಿಸಿಯೇ ಇರಲಿ. ಇಲ್ಲದಿದ್ದರೆ ಕಾರು ಹಿಂದಿನಿಂದ ಹತ್ತುವಾಗ ಟ್ರೇಲರ್ ಮೂತಿ ಮೇಲಕ್ಕೆ ಏಳುತ್ತದೆ. ಓಡುವ ಕಾರನ್ನೇ ನ್ಯೂಟ್ರಲ್‌ನಲ್ಲಿಟ್ಟು, ಸ್ಟಿಯರಿಂಗ್ ಲಾಕ್ ತೆಗೆದು, ಎಳೆಯುವ ಕೊಂಡಿಗೆ ಕೊಕ್ಕೆ ಹಾಕಿ ರ‍್ಯಾಂಪಿನ ನಡುವೆ ನಿಲ್ಲಿಸಿ. ಹಿಂದಿನ ಚಕ್ರದಿಂದ ಒಂದು ಗೇಣು ಹಿಂದೆ ಮರದ ತುಂಡು ಇಟ್ಟು ಐದು ನಿಮಿಷ ಕಾಯಿರಿ. ಕಾರು ಬೆರಳಗಲವೂ ಜಾರಬಾರದು. ಜಾರಿದರೆ ಬ್ರೇಕ್ ಸರಿಯಿಲ್ಲ, ಬಿಲ್ಲು ಹಿಡಿದು ಅಂಗಡಿಗೆ ವಾಪಸ್. ಜಾರದಿದ್ದರೆ ಮೇಲಕ್ಕೆ ಎಳೆದು, ನಾಲ್ಕೂ ಮೂಲೆಗೆ ಪಟ್ಟಿ ಬಿಗಿದು, ಆಮೇಲೆ ವಿಂಚ್ ಹಗ್ಗವನ್ನು ಸ್ವಲ್ಪ ಸಡಿಲ ಬಿಡಿ. ದಾರಿಯುದ್ದಕ್ಕೂ ಕಾರನ್ನು ಹಿಡಿದಿಡುವುದು ಪಟ್ಟಿಗಳ ಕೆಲಸ, ವಿಂಚ್‌ನದಲ್ಲ.