ಪ್ರೊಸೆಸರ್ ಆರಿಸುವಾಗ ಹೆಸರಲ್ಲ, ಪೂರ್ತಿ ನಂಬರ್ ನೋಡಿ

ಮಕ್ಕಳು ಕಾಲೇಜಿಗೆ ಸೇರೋ ಸಮಯ. ಡೆಸ್ಕ್‌ಟಾಪ್ ತಗೊಳ್ಳೋಕೆ ಮಡಿಕೇರಿ, ಕುಶಾಲನಗರದ ಅಂಗಡಿಗೆ ಹೋಗೋರು "ಐ7 ಇದೆಯಾ" ಅಂತ ಇಂಟೆಲ್ ಪ್ರೊಸೆಸರ್ ಹೆಸರು ಕೇಳಿ ಅಷ್ಟಕ್ಕೇ ನಿಲ್ಲಿಸಬೇಡಿ. 2017ರ ಐ7-7700ರಲ್ಲಿ 4 ಕೋರ್ (ಲೆಕ್ಕ ಮಾಡೋ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 12ನೇ ತಲೆಮಾರಿನ ಐ3-12100ರಲ್ಲೂ ಅಷ್ಟೇ ಇವೆ, ಆದರೆ ವೇಗದಲ್ಲಿ ಈ ಐ3ಯೇ ಮುಂದೆ. ಹಳೇ ಐ7ಗೆ ಹೆಸರು ನೋಡಿ ದುಡ್ಡು ಸುರಿಯೋದು ಶುದ್ಧ ನಷ್ಟ.

ತೋಟದ ಲೆಕ್ಕ, ಎಕ್ಸೆಲ್, ಆನ್‌ಲೈನ್ ಕ್ಲಾಸ್‌ಗೆ ಈ ಐ3 ಧಾರಾಳ ಸಾಕು. ಉಳಿದ ಹಣದಲ್ಲಿ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಹಾಕಿಸಿ, ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತೆ. ಹೋಮ್‌ಸ್ಟೇ ವಿಡಿಯೋ ಎಡಿಟ್ ಮಾಡೋರಿಗೆ ಮಾತ್ರ 6 ಕೋರಿನ ಐ5-12400 ಅಥವಾ ಎಎಂಡಿ ಕಂಪನಿಯ ರೈಜನ್ 5 5600ಜಿ ಒಳ್ಳೇದು.

ನಂಬರಿನ ಕೊನೆಯ ಅಕ್ಷರವನ್ನೂ ಬಿಡಬೇಡಿ. ಇಂಟೆಲ್‌ನಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ರೇಟು ಕಮ್ಮಿ ನಿಜ, ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಬರಲ್ಲ. 'ಜಿ' ಇಲ್ಲದ ರೈಜನ್ 5 5600ಗೂ ಇದೇ ಕತೆ.

ಪ್ರೊಸೆಸರ್ ಒಂದರದ್ದೇ ಬೆಲೆ ಹೋಲಿಸಬೇಡಿ. ರೈಜನ್‌ನಲ್ಲಿ ಎಎಂ5 ಮಾದರಿಯ ಮದರ್‌ಬೋರ್ಡಿಗೆ ಹೋದರೆ ಡಿಡಿಆರ್5 ತಲೆಮಾರಿನ ರ‍್ಯಾಮೇ ಬೇಕು, ಹಿಂದಿನ ಎಎಂ4ಗೆ ಡಿಡಿಆರ್4. ಬೋರ್ಡ್, ರ‍್ಯಾಮ್ ಸೇರಿಸಿ ಒಟ್ಟು ಎಷ್ಟು ಅಂತ ಕೇಳಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಪಾಡು ಗೊತ್ತೇ ಇದೆ, ಹಾಗಾಗಿ ಯುಪಿಎಸ್‌ಗೂ ಅದೇ ಬಜೆಟ್‌ನಲ್ಲಿ ಜಾಗ ಇಡಿ. ಕೊಟೇಶನ್‌ನಲ್ಲಿ ಬರೀ "ಐ5" ಅಂತ ಬರೆದಿದ್ದರೆ ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ.