ಹೆಡ್‌ಲೈಟ್ ಹಳದಿ ತಿರುಗುವ ಮೊದಲೇ ಫಿಲ್ಮ್ ಅಂಟಿಸಿ

ಹೆಡ್‌ಲೈಟ್ ಗಾಜು ಅಂತ ನಾವು ರೂಢಿಯಲ್ಲಿ ಹೇಳುತ್ತೇವೆ. ಆದರೆ ಈಗಿನ ಕಾರುಗಳಲ್ಲಿ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಹಳೆ ಅಂಬಾಸಿಡರ್‌ನ ದುಂಡು ಲೈಟು ಗಾಜಿನದು, ಎಷ್ಟು ವರ್ಷ ಬಿಸಿಲಲ್ಲಿ ನಿಂತರೂ ಹಳದಿ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ ಆಗುತ್ತದೆ. ಕಂಪನಿಯವರು ಅದರ ಮೇಲೆ ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ, ಆದರೆ ಬಿಸಿಲು, ಧೂಳು, ಮುಂದಿನ ಲಾರಿಯಿಂದ ಸಿಡಿಯುವ ಜಲ್ಲಿಕಲ್ಲು ಎಲ್ಲಾ ಸೇರಿ ಅದನ್ನು ನಿಧಾನಕ್ಕೆ ತಿಂದುಹಾಕುತ್ತವೆ. ಅದಕ್ಕೇ ಲೈಟಿನ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಫಿಲ್ಮ್ ಹಾಕುವುದಿದ್ದರೆ ಲೈಟು ಹೊಸದಿದ್ದಾಗಲೇ ಹಾಕಿ.

ಈಗಾಗಲೇ ಮಬ್ಬಾಗಿದ್ದರೆ ಅದರ ಮೇಲೇ ಅಂಟಿಸಬೇಡಿ. ನನ್ನ ಹಳೆ ಕಾರಿಗೆ ಒಂದು ಅಂಗಡಿಯಲ್ಲಿ ಹಾಗೇ ಮಾಡಿಕೊಟ್ಟರು. ಹಳದಿ ಒಳಗೇ ಉಳಿಯಿತು, ಆ ಮಳೆಗಾಲ ಶಿರಾಡಿ ಘಾಟಿಯಲ್ಲಿ ರಸ್ತೆಯಂಚಿನ ಬಿಳಿ ಗೆರೆಯೇ ಕಾಣದೆ ಜೀವ ಕೈಯಲ್ಲಿ ಹಿಡಿದು ಇಳಿದೆ. ಮೊದಲು ನೀರು ಹಾಕಿಕೊಂಡು 1000, 2000, 3000 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಪಾಲಿಶ್ ಮಾಡಬೇಕು. ಹಾಗೆ ಉಜ್ಜಿದಾಗ ಉಳಿದಿದ್ದ ಲೇಪವೂ ಹೋಗುತ್ತದೆ, ಸುಮ್ನೆ ಬಿಟ್ಟರೆ ಮತ್ತೆ ಬೇಗ ಹಳದಿ. ಅದೇ ದಿನ ಫಿಲ್ಮ್ ಹಾಕಿಬಿಡಿ. ಒಳಗಡೆ ನೀರಿನ ಹನಿ ಕೂತಿದ್ದರೆ ಅದು ಸೀಲ್ ಹೋದ ಲಕ್ಷಣ, ಫಿಲ್ಮ್‌ನಿಂದ ಸರಿಹೋಗುವುದಿಲ್ಲ.

ಕೊಳ್ಳುವಾಗ ಟಿಪಿಯು ಪಿಪಿಎಫ್ ಕೇಳಿ, ಅಂದರೆ ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್‌ನಿಂದ ಮಾಡಿದ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ದಪ್ಪ ಸುಮಾರು 150ರಿಂದ 200 ಮೈಕ್ರಾನ್ ಇರಲಿ. ಅಗ್ಗದ ಪಿವಿಸಿ ಫಿಲ್ಮ್ ತಿರುವಿನಲ್ಲಿ ಸರಿಯಾಗಿ ಹಿಗ್ಗುವುದಿಲ್ಲ, ಬೇಗ ತಾನೇ ಹಳದಿಯಾಗುತ್ತದೆ. ಕಪ್ಪು ಛಾಯೆಯದು ಚೆನ್ನಾಗಿ ಕಾಣುತ್ತದೆ ಅಂತ ಅಂಗಡಿಯವರು ಹೇಳಿದರೂ ಬೇಡ. ಬೆಳಕು ಕಮ್ಮಿ ಮಾಡಿಕೊಳ್ಳಲು ದುಡ್ಡು ಕೊಡಬೇಕಾ?

ಗಾಳಿ ಇಲ್ಲದ, ನೆರಳಿರುವ ಜಾಗ ನೋಡಿ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಲೈಟನ್ನು ಶಾಂಪೂ ಹಾಕಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಪಾಲಿಶ್‌ನ ಎಣ್ಣೆ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ಪೇಪರ್ ಇಟ್ಟು ಅಳತೆ ತೆಗೆದು, ಅಂಚಿನಿಂದ ಎರಡು ಮಿಲಿಮೀಟರ್ ಒಳಗೆ ಬರುವಂತೆ ಫಿಲ್ಮನ್ನು ಮೊದಲೇ ಕತ್ತರಿಸಿಕೊಳ್ಳಿ, ಕಾರಿನ ಮೇಲೆ ಬ್ಲೇಡ್ ಆಡಿಸಿದರೆ ಗೀರು ಗ್ಯಾರಂಟಿ.

ಎರಡು ಸ್ಪ್ರೇ ಬಾಟಲಿ ಬೇಕು. ಒಂದರಲ್ಲಿ ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ, ಇನ್ನೊಂದರಲ್ಲಿ ನೀರಿನ ಜೊತೆ ಕಾಲು ಭಾಗ ಆಲ್ಕೊಹಾಲ್. ಶಾಂಪೂ ನೀರನ್ನು ಲೈಟಿನ ಮೇಲೆ, ನಿಮ್ಮ ಬೆರಳುಗಳ ಮೇಲೆ, ಹಿಂದಿನ ಕಾಗದ ಸುಲಿಯುತ್ತಾ ಅಂಟಿನ ಬದಿಗೂ ಧಾರಾಳವಾಗಿ ಹೊಡೆಯಿರಿ. ನೀರು ಜಾಸ್ತಿ ಆದರೆ ತೊಂದರೆ ಇಲ್ಲ, ಕಮ್ಮಿಯಾದರೆ ಫಿಲ್ಮ್ ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ಜಾರಿಸಿ ಜಾಗಕ್ಕೆ ಕೂರಿಸಿ, ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ನೀರು ಒತ್ತಿ ತೆಗೆಯುವ ರಬ್ಬರ್ ಪಟ್ಟಿ) ಎಳೆಯಿರಿ.

ಕಷ್ಟ ಬರುವುದು ಮೂಲೆಯ ತಿರುವಿನಲ್ಲಿ. ಅಲ್ಲಿ ಫಿಲ್ಮ್ ಸೀರೆ ನೆರಿಗೆಯ ಹಾಗೆ ಎದ್ದು ನಿಲ್ಲುತ್ತದೆ, ಒತ್ತಿದಷ್ಟೂ ಪಕ್ಕಕ್ಕೆ ಓಡುತ್ತದೆ. ಬಲವಂತ ಮಾಡಬೇಡಿ. ಆ ತುದಿ ಎತ್ತಿ, ಮತ್ತೆ ನೀರು ಹೊಡೆದು, ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಮೆಲ್ಲಗೆ ಹಿಗ್ಗಿಸಿ. ಈಗ ಅಂಚಿಗೆ ಆಲ್ಕೊಹಾಲ್ ನೀರು ಹೊಡೆದು ಒಂದೆರಡು ನಿಮಿಷ ಒತ್ತಿ ಹಿಡಿದರೆ ಕಚ್ಚಿಕೊಳ್ಳುತ್ತದೆ. ಸಣ್ಣ ನೀರಿನ ಗುಳ್ಳೆ, ಮಸುಕು ಉಳಿದರೆ ಗಾಬರಿಯಾಗಬೇಡಿ, ಕೆಲವು ದಿನದಲ್ಲಿ ಆರಿಹೋಗುತ್ತದೆ. ಧೂಳಿನ ಕಣ ಸಿಕ್ಕಿಕೊಂಡಿದ್ದರೆ ಮಾತ್ರ ತಾನಾಗಿ ಹೋಗುವುದಿಲ್ಲ, ಆಗಲೇ ಎತ್ತಿ ತೊಳೆದು ಕೂರಿಸಿ.

ಒಂದು ವಾರ ಕಾರು ತೊಳೆಯಬೇಡಿ. ಆಮೇಲೂ ಪ್ರೆಶರ್ ವಾಷರ್‌ನ ನೀರು ನೇರವಾಗಿ ಅಂಚಿಗೆ ಬೀಳದಿರಲಿ. ಮುಂದೆ ಫಿಲ್ಮ್ ತೆಗೆಯುವಾಗ ಬೆಚ್ಚಗೆ ಮಾಡಿ ನಿಧಾನಕ್ಕೆ ಸುಲಿಯಿರಿ, ಉಳಿದ ಅಂಟಿಗೆ ಅದೇ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬೇಡಿ, ಪಾಲಿಕಾರ್ಬೊನೇಟ್ ಕೂದಲೆಳೆಯ ಹಾಗೆ ಬಿರುಕು ಬಿಡುತ್ತದೆ.